ಶಿರಸಿಯ ಸಂಶೋಧನಾ ಬೇಸಿಗೆ ಶಾಲೆ: ತೋಟದ ಲೆಕ್ಕಕ್ಕೆ ಬೆಟ್ಟವೂ ಸೇರಬೇಕೇ?

ಪಿಎಚ್‌.ಡಿ. ಆರಂಭಿಸಿದವರಿಗೆ ಮತ್ತು ಈಚೆಗಷ್ಟೇ ಪದವಿ ಪಡೆದು ಸಂಶೋಧನೆಗೆ ಇಳಿದವರಿಗೆಂದು ಶಿರಸಿ ಸಮೀಪ ಮೇ ತಿಂಗಳಲ್ಲಿ ನಡೆದ, ಸುಸ್ಥಿರತೆಯ ಸಂಶೋಧನಾ ವಿಧಾನಗಳ ವಸತಿಸಹಿತ ಬೇಸಿಗೆ ಶಾಲೆಯಲ್ಲಿ ನಾನು ಪಾಲ್ಗೊಂಡಿದ್ದೆ. ಇಂಥ ಶಿಬಿರಗಳು ಸಾಮಾನ್ಯವಾಗಿ 1987ರ ಬ್ರಂಟ್‌ಲ್ಯಾಂಡ್ ವರದಿ ಸುಸ್ಥಿರ ಅಭಿವೃದ್ಧಿಗೆ ಕೊಟ್ಟ ವ್ಯಾಖ್ಯೆಯಿಂದ ಆರಂಭವಾಗಿ, 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಬಣ್ಣದ ಚೌಕಗಳನ್ನು ತೋರಿಸಿ ಮುಗಿದುಹೋಗುತ್ತವೆ. ಇಲ್ಲಿ ಆ ಭಾಗ ಮೊದಲ ದಿನ ಮಧ್ಯಾಹ್ನದ ಊಟಕ್ಕೆ ಮುನ್ನವೇ ಮುಗಿಯಿತು. ಉಳಿದ ಅವಧಿಯನ್ನೆಲ್ಲ ಒಂದೇ ಪ್ರಶ್ನೆಗೆ ಮೀಸಲಿಟ್ಟರು: ಅಧ್ಯಯನದ ಎಲ್ಲೆಯನ್ನು ಎಲ್ಲಿ ಗುರುತಿಸಬೇಕು, ಅದನ್ನು ಗುರುತಿಸುವವರು ಯಾರು? ಕೊರತೆಗಳು ಇದ್ದರೂ ಈ ಶಾಲೆಯನ್ನು ಶಿಫಾರಸು ಮಾಡಲು ನನಗೆ ಇದೊಂದೇ ಕಾರಣ ಸಾಕು.

ಅತ್ಯುತ್ತಮವಾಗಿ ನಡೆದದ್ದು ಜೀವನಚಕ್ರ ಮೌಲ್ಯಮಾಪನದ, ಅಂದರೆ ಒಂದು ವಸ್ತು ತಯಾರಿಯಿಂದ ವಿಲೇವಾರಿವರೆಗೆ ಪರಿಸರದ ಮೇಲೆ ಹಾಕುವ ಹೊರೆಯನ್ನು ಲೆಕ್ಕ ಹಾಕುವ ವಿಧಾನದ, ಪಾಠ. ಉದ್ದೇಶ ಮತ್ತು ವ್ಯಾಪ್ತಿಯ ನಿರ್ಧಾರ, ಒಳಬರುವ ಮತ್ತು ಹೊರಹೋಗುವ ವಸ್ತುಗಳ ಪಟ್ಟಿ, ಪರಿಣಾಮಗಳ ಅಳತೆ, ಫಲಿತಾಂಶದ ವಿವರಣೆ ಎಂದು ಐಎಸ್‌ಒ 14040 ಮಾನದಂಡ ಹೇಳುವ ನಾಲ್ಕು ಹಂತಗಳನ್ನು ಯಾವ ಪಠ್ಯದಲ್ಲಾದರೂ ಓದಬಹುದು. ಇಲ್ಲಿ ಅದನ್ನು ಅಡಿಕೆಗೆ ಅನ್ವಯಿಸಿ ಕಲಿಸಿದರು. ಒಂದು ಕಿಲೋ ಚಾಲಿ ಮತ್ತು ಒಂದು ಕಿಲೋ ಕೆಂಪಡಿಕೆಯನ್ನು ಹೋಲಿಸಿ ಎಂಬುದು ನಮ್ಮ ಗುಂಪಿಗೆ ಸಿಕ್ಕ ಕೆಲಸ. ಚಾಲಿಗೆ ಹಣ್ಣಾದ ಅಡಿಕೆಯನ್ನು ಬಿಸಿಲಿನಲ್ಲಿ ಒಣಗಿಸಿ ಸುಲಿದರೆ ಸಾಕು. ಕೆಂಪಡಿಕೆಗಾದರೋ ಎಳೆಯ ಕಾಯಿಯನ್ನು ಸುಲಿದು ಬೇಯಿಸಬೇಕು, ಅದಕ್ಕೆ ಸೌದೆ ಬೇಕು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಮತ್ತು ಸುಣ್ಣ ಎರಡಕ್ಕೂ ಸಮಾನ. ಇಷ್ಟರವರೆಗೆ ತೊಡಕಿರಲಿಲ್ಲ. ತೋಟಕ್ಕೆ ಸೊಪ್ಪು, ಸೌದೆ ಒದಗಿಸುವ ಕಾಡಾದ ಸೊಪ್ಪಿನಬೆಟ್ಟವನ್ನು ಲೆಕ್ಕಕ್ಕೆ ಸೇರಿಸಬೇಕೇ ಎಂಬ ವಿಷಯ ಬಂದಾಗ ಗುಂಪು ಎರಡಾಯಿತು.

ಘಟ್ಟದ ಮೇಲಿನ ಅಡಿಕೆ ಬೆಳೆಗಾರರಿಗೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದಲೂ ಇದೆ. ತೋಟಕ್ಕೆ ಹೋಗುವ ಹಸಿ ಸೊಪ್ಪು, ದರಕು (ಉದುರಿದ ಒಣ ಎಲೆ), ಒಲೆಗೆ ಬೇಕಾದ ಸೌದೆ ಎಲ್ಲವೂ ಅಲ್ಲಿಂದಲೇ ಬರುತ್ತವೆ. ಬೆಟ್ಟವನ್ನು ಎಲ್ಲೆಯ ಹೊರಗಿಟ್ಟರೆ ರಾಸಾಯನಿಕ ಗೊಬ್ಬರ ಹಾಕದ ತೋಟವು ಕಾಗದದ ಮೇಲೆ ಬಹುತೇಕ ಹೊರೆಯೇ ಇಲ್ಲದ ಕೃಷಿಯಾಗಿ ಕಾಣುತ್ತದೆ. ಒಳಗೆ ಸೇರಿಸಿದರೆ ಅದೇ ತೋಟವು ತನ್ನ ಅಳತೆಯನ್ನು ಎಷ್ಟೋ ಪಟ್ಟು ಮೀರಿದ ನೆಲವನ್ನು ಅವಲಂಬಿಸಿರುವುದು ಗೊತ್ತಾಗುತ್ತದೆ. ಬೆಟ್ಟವು ಮಳೆನೀರನ್ನು ಇಂಗಿಸುವುದನ್ನು, ದನಗಳಿಗೆ ಮೇವು ಕೊಡುವುದನ್ನು ಯಾರ ಖಾತೆಗೆ ಬರೆಯಬೇಕು? ಮಾರ್ಗದರ್ಶಕರು ಉತ್ತರ ಹೇಳಲಿಲ್ಲ. ಎರಡೂ ರೀತಿಯಲ್ಲಿ ಲೆಕ್ಕ ಮಾಡಿಸಿ, ತೀರ್ಮಾನ ಎಲ್ಲಿ ಬದಲಾಗುತ್ತದೆ ಎಂಬುದನ್ನು ವರದಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆಯಬೇಕೆಂದು ಹೇಳಿದರು. ಅವರು ನಮ್ಮನ್ನು ಕರೆದೊಯ್ದ ಮನೆಯಲ್ಲಿ ಯಜಮಾನರು ಸೌದೆಯನ್ನು ಗಾಡಿಯ ಲೆಕ್ಕದಲ್ಲಿಯೂ ಸೊಪ್ಪನ್ನು ಹೊರೆಯ ಲೆಕ್ಕದಲ್ಲಿಯೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಒಂದು ಹೊರೆ ಹಸಿ ಸೊಪ್ಪನ್ನು ತೂಗಿ, ಸ್ವಲ್ಪವನ್ನು ಬೇರೆ ತೆಗೆದು ಒಣಗಿಸಿ ಮತ್ತೆ ತೂಗಿದಾಗ, ಹಸಿ ತೂಕವನ್ನೂ ಒಣ ತೂಕವನ್ನೂ ಬೆರೆಸಿಬಿಟ್ಟರೆ ಇಡೀ ಪಟ್ಟಿ ಹೇಗೆ ಕೆಡುತ್ತದೆ ಎಂಬುದು ಎಲ್ಲರಿಗೂ ಮನದಟ್ಟಾಯಿತು.

ಸಮುದಾಯದ ಸಂಪನ್ಮೂಲಗಳ ಬಗ್ಗೆ ಸಂಜೆಯ ಹೊತ್ತು ನಡೆದ ಚರ್ಚೆಯೂ ಚೆನ್ನಾಗಿತ್ತು. ಎಲ್ಲರಿಗೂ ಸೇರಿದ್ದು ಹಾಳಾಗಿಯೇ ತೀರುತ್ತದೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಮಂಡಿಸಿದ ವಾದವನ್ನೂ, ಬಳಕೆದಾರರೇ ನಿಯಮ ಮಾಡಿಕೊಂಡು ಉಳಿಸಿಕೊಂಡ ಉದಾಹರಣೆಗಳ ಅಧ್ಯಯನಕ್ಕಾಗಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಓಸ್ಟ್ರೋಮ್ ಅವರ ವಾದವನ್ನೂ, 1983ರಲ್ಲಿ ಮರಗಳನ್ನು ಅಪ್ಪಿಕೊಂಡು ಕಡಿತ ತಡೆದ ಅಪ್ಪಿಕೋ ಚಳವಳಿ ಹುಟ್ಟಿದ ಸಾಲ್ಕಣಿಯ ನೆಲದಲ್ಲಿಯೇ ಕುಳಿತು ತೂಗಿ ನೋಡುವ ಅವಕಾಶ ಬೇರೆಲ್ಲೂ ಸಿಗಲಾರದು.

ಕರಾವಳಿಯ ಭಾಗಕ್ಕೆ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನು ಆಯ್ದುಕೊಂಡಿದ್ದರು. ಅಣೆಕಟ್ಟಿಲ್ಲದೆ ಕಡಲು ಸೇರುವ ಈ ನದಿಯ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಬಳಚು (ಚಿಪ್ಪುಮೀನು) ಹೆಕ್ಕುವ ಮಹಿಳೆಯರನ್ನು ಮಾತನಾಡಿಸಲು ನಾವು ಸಿದ್ಧಪಡಿಸಿಕೊಂಡಿದ್ದ ಪ್ರಶ್ನಾವಳಿಯಲ್ಲಿ ತಿಂಗಳ ಆದಾಯ ಎಷ್ಟೆಂಬ ಪ್ರಶ್ನೆಯಿತ್ತು. ಮೊದಲು ಮಾತಿಗೆ ಸಿಕ್ಕ ಹಿರಿಯ ಮಹಿಳೆ, ತಿಂಗಳ ಲೆಕ್ಕದಲ್ಲಿ ಏನನ್ನು ಹೇಳಲಿ ತಂಗಿ, ಹುಣ್ಣಿಮೆ ಅಮಾವಾಸ್ಯೆಗೆ ನೀರು ಪೂರಾ ಇಳಿದಾಗ ಸಿಗುವುದೇ ಬೇರೆ, ಅಷ್ಟಮಿಯ ಹೊತ್ತಿಗೆ ಸಿಗುವುದೇ ಬೇರೆ ಎಂದರು. ಅಂದು ರಾತ್ರಿಯೇ ಪ್ರಶ್ನೆಗಳನ್ನು ಇಳಿತದ ಲೆಕ್ಕಕ್ಕೆ ಬದಲಿಸಿದೆವು. ಮರುದಿನ ಬಂದ ಉತ್ತರಗಳು ಒಂದಕ್ಕೊಂದು ತಾಳೆಯಾಗತೊಡಗಿದವು. ಮುಖ್ಯ ಸಮೀಕ್ಷೆಗೆ ಮೊದಲು ಪ್ರಾಯೋಗಿಕ ಸಮೀಕ್ಷೆಯನ್ನು ಏಕೆ ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ.

ಕೊರತೆಗಳನ್ನೂ ಹೇಳಬೇಕು. ಮೊದಲನೆಯದಾಗಿ, ಮೇ ತಿಂಗಳು ಈ ಜಿಲ್ಲೆಯ ಕೃಷಿಯನ್ನು ಅಧ್ಯಯನ ಮಾಡಲು ತಕ್ಕ ಕಾಲವಲ್ಲ. ಅಡಿಕೆ ಬೇಯಿಸುವ ಒಲೆಗಳು ಆಗ ತಣ್ಣಗಿರುತ್ತವೆ, ಕೊಳೆರೋಗಕ್ಕೆ ಇನ್ನೂ ಮಳೆ ಬರಬೇಕು. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿಗಳನ್ನು (ಅಳಿವೆಯಂಚಿನ ತಗ್ಗು ಗದ್ದೆಗಳನ್ನು) ನೋಡಲು ಹೋದಾಗ ಕಂಡದ್ದು ಪೈರಿಲ್ಲದ ನೆಲ ಮತ್ತು ಅದರ ಕಟ್ಟೆ ಮಾತ್ರ. ಹೀಗಾಗಿ ನಮ್ಮ ಅಂಕಿಗಳಲ್ಲಿ ಅರ್ಧಕ್ಕೂ ಹೆಚ್ಚು ರೈತರ ನೆನಪನ್ನೇ ನಂಬಿದ್ದವು. ಮಳೆಗಾಲದಲ್ಲಿ ಎರಡನೆಯ ಸುತ್ತನ್ನು ಸೇರಿಸಿದರೆ ಇದಕ್ಕೆ ಪರಿಹಾರ ಸಿಗುತ್ತದೆ. ಎರಡನೆಯದಾಗಿ, ಮಾದರಿ ಆಯ್ಕೆ, ಹಿಂಚಲನ (ರಿಗ್ರೆಶನ್) ವಿಶ್ಲೇಷಣೆ ಮತ್ತು ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್ ತಂತ್ರಾಂಶ ಎಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ ತುರುಕಿದ್ದರು. ಮೊದಲೇ ಗೊತ್ತಿದ್ದವರನ್ನು ಬಿಟ್ಟು ಉಳಿದವರಿಗೆ ಅದರಿಂದ ಏನೂ ದಕ್ಕಲಿಲ್ಲ.

ನನ್ನನ್ನು ಹೆಚ್ಚು ನೋಯಿಸಿದ್ದು ಕೊನೆಯ ದಿನದ ಮಂಡನೆ. ಮಾಹಿತಿ ಕೊಡುವವರ ಒಪ್ಪಿಗೆ, ಅವರ ಗೌರವ, ಅವರ ಸಮಯದ ಬೆಲೆ ಇವುಗಳ ಬಗ್ಗೆ ವಾರವಿಡೀ ಅಷ್ಟು ಚೆನ್ನಾಗಿ ಕಲಿಸಿದವರು, ತಮ್ಮ ನೋಟ್‌ಬುಕ್ ಬಿಚ್ಚಿ ಕೊಟ್ಟ ರೈತರನ್ನಾಗಲಿ, ಕೆಸರಿನಲ್ಲಿ ನಿಂತು ಉತ್ತರ ಹೇಳಿದ ಮಹಿಳೆಯರನ್ನಾಗಲಿ ಸಭಾಂಗಣಕ್ಕೆ ಕರೆದಿರಲಿಲ್ಲ. ಸಮಾರೋಪದ ಅಭಿಪ್ರಾಯ ಪತ್ರದಲ್ಲಿ ಇದನ್ನು ಬರೆದಿದ್ದೇನೆ. ಮುಂದಿನ ವರ್ಷದ ಮಂಡನೆಯನ್ನು ಊರಿನಲ್ಲಿಯೇ ನಡೆಸುವ ಆಲೋಚನೆಯಿದೆ ಎಂದು ಸಂಘಟಕರು ಹೇಳಿದ್ದಾರೆ.

ಊಟ, ವಸತಿ ಸರಳವಾಗಿದ್ದವು, ಅಚ್ಚುಕಟ್ಟಾಗಿದ್ದವು. ವಿದ್ಯಾರ್ಥಿವೇತನವಿಲ್ಲದವರಿಗೆ ಶುಲ್ಕ ಭಾರವೇ. ಆದರೆ ರಿಯಾಯಿತಿಗೆ ಅರ್ಜಿ ಹಾಕುವ ವ್ಯವಸ್ಥೆಯಿದೆ, ಸಂಕೋಚಪಡದೆ ಕೇಳಬೇಕು. ಸಂಶೋಧನೆಯ ಪ್ರಶ್ನೆ ಮನಸ್ಸಿನಲ್ಲಿದ್ದು ಕ್ಷೇತ್ರಕಾರ್ಯ ಇನ್ನೂ ಆರಂಭಿಸದವರು ಇಲ್ಲಿಗೆ ಬರಬೇಕು. ಈಗಾಗಲೇ ಮಾಹಿತಿ ಸಂಗ್ರಹಿಸಿ ವಿಶ್ಲೇಷಣೆಯ ಹಂತ ತಲುಪಿದವರಿಗೆ ಸಂಖ್ಯಾಶಾಸ್ತ್ರಕ್ಕೇ ಮೀಸಲಾದ ಬೇರೊಂದು ತರಬೇತಿ ಹೆಚ್ಚು ಉಪಯುಕ್ತ.