ನಾಲ್ಕು ವರ್ಷದ ಮನೆ ಸರ್ವರ್: ಬೈಸಿಕೊಂಡಿದ್ದು ಡಿಸ್ಕ್, ತಪ್ಪು ಮಾಡಿದ್ದು ಬೇರೆ

ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಂಪ್ಯೂಟರನ್ನು ಮನೆಯವರ ಫೈಲ್‌ಗಳನ್ನೆಲ್ಲ ಇಡುವ ಸರ್ವರ್ ಮಾಡುವ ಓಪನ್‌ಮೀಡಿಯಾವಾಲ್ಟ್ ಸಾಫ್ಟ್‌ವೇರ್‌ಗೆ ಐದಕ್ಕೆ ನಾಲ್ಕೂವರೆ. ಅದು ಓಡುತ್ತಿರುವ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗೆ ಮೂರು. ಎಲ್ಲವನ್ನೂ ಜೋಡಿಸಿದ ನನಗೆ ಎರಡು ಕೊಟ್ಟರೂ ಜಾಸ್ತಿಯೇ.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. 2021ರ ಲಾಕ್‌ಡೌನ್‌ನಲ್ಲಿ ನನ್ನ ಹೆಂಡತಿ ಆನ್‌ಲೈನ್ ವೀಣೆ ಪಾಠ ಶುರು ಮಾಡಿದಳು. ರೆಕಾರ್ಡಿಂಗ್‌ಗಳು ಲ್ಯಾಪ್‌ಟಾಪ್ ತುಂಬಿದವು. ಜೊತೆಗೆ ಹದಿನೈದು ವರ್ಷದ ಫೋಟೊಗಳು: ಮಕ್ಕಳದ್ದು, ಊರಿನದ್ದು, ವರ್ಷ ವರ್ಷದ ಜಂಬೂಸವಾರಿಯದ್ದು. ತಿಂಗಳು ತಿಂಗಳು ದುಡ್ಡು ಕಟ್ಟಿ ಕ್ಲೌಡ್‌ನಲ್ಲಿಡಲು ಮನಸ್ಸಾಗಲಿಲ್ಲ. ಯಾವುದೋ ಆಫೀಸಿನಿಂದ ಹೊರಬಿದ್ದ ಹಳೆಯ ಡೆಸ್ಕ್‌ಟಾಪ್ ತಂದೆ. 8 ಜಿಬಿ ರ‍್ಯಾಮ್. 4 ಟಿಬಿಯ ಎರಡು ಡಿಸ್ಕ್, ಒಂದರಲ್ಲಿ ಇರುವುದೆಲ್ಲ ಇನ್ನೊಂದರಲ್ಲೂ ಇರುವಂತೆ ಮಿರರ್. ಸಿಸ್ಟಮ್ ಮಾತ್ರ 32 ಜಿಬಿ ಪೆನ್‌ಡ್ರೈವ್‌ನಲ್ಲಿ. ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವಂತೆ ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಹಾಕಿಟ್ಟೆ. ಆಗ ಅದೊಂದು ದೊಡ್ಡ ಜಾಣತನ ಅನ್ನಿಸಿತ್ತು.

ಓಪನ್‌ಮೀಡಿಯಾವಾಲ್ಟ್ ಡೆಬಿಯನ್ ಲಿನಕ್ಸ್ ಮೇಲೆ ನಿಂತಿದೆ. ಪುಕ್ಕಟೆ. ಬ್ರೌಸರ್‌ನಲ್ಲೇ ಎಲ್ಲ ನಡೆಸಬಹುದು. ಮೊದಲ ಒಂದೂವರೆ ವರ್ಷ ಅದು ಮನೆಯಲ್ಲಿದೆ ಅನ್ನುವುದೇ ಮರೆತುಹೋಗಿತ್ತು.

ಆಮೇಲೆ ಮಿರರ್ ಅಂದರೆ ಬ್ಯಾಕಪ್ ಅಲ್ಲ ಅನ್ನುವ ಬುದ್ಧಿ ಬಂತು. ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಸಿಹೋಗುತ್ತದೆ, ಅಲ್ವಾ? ಅದಕ್ಕೆ ಮೂರನೇ ಡಿಸ್ಕ್ ಹಾಕಿ, ದಿನಾ ರಾತ್ರಿ 2 ಗಂಟೆಗೆ ಆರ್‌ಸಿಂಕ್ ಅನ್ನುವ ಪ್ರೋಗ್ರಾಂ ಅದಕ್ಕೆ ನಕಲು ಮಾಡುವ ಹಾಗೆ ಮಾಡಿದೆ. ಕಾಟ ಶುರುವಾಗಿದ್ದು ಅಲ್ಲಿಂದ.

ಒಂದು ದಿನ ಬೆಳಿಗ್ಗೆ ಸರ್ವರ್ ಪುಟಕ್ಕೆ ಲಾಗಿನ್ ಆಗಲು ಹೋದೆ. ಪಾಸ್‌ವರ್ಡ್ ಸರಿಯಾಗಿದೆ, ಆದರೂ ತಿರುಗಿ ಲಾಗಿನ್ ಪುಟಕ್ಕೇ ಬಂದು ನಿಲ್ಲುತ್ತದೆ. ತಪ್ಪು ಅಂತಲೂ ಹೇಳುವುದಿಲ್ಲ. ಪಾಸ್‌ವರ್ಡ್ ಬದಲಿಸಿದೆ, ಬ್ರೌಸರ್ ಬದಲಿಸಿದೆ, ಸಾಫ್ಟ್‌ವೇರ್ ಮಾಡಿದವರಿಗೆ ಮನಸ್ಸಿನಲ್ಲೇ ಸಹಸ್ರನಾಮ ಮಾಡಿದೆ. ಕೊನೆಗೆ ಎಸ್‌ಎಸ್‌ಎಚ್‌ನಲ್ಲಿ (ಬೇರೆ ಕಂಪ್ಯೂಟರಿನಿಂದ ಕಮಾಂಡ್ ಕೊಡುವ ದಾರಿ) ಒಳಗೆ ಹೋಗಿ, ಜಾಗದ ಲೆಕ್ಕ ಹೇಳುವ ಡಿಎಫ್ ಕಮಾಂಡ್ ಹೊಡೆದರೆ, ಪೆನ್‌ಡ್ರೈವ್ ನೂರಕ್ಕೆ ನೂರು ತುಂಬಿತ್ತು. ಲಾಗಿನ್ ಆದವರ ಗುರುತು ಬರೆದಿಡಲೂ ಒಂದಿಷ್ಟು ಜಾಗ ಬೇಕು. ಅದಿಲ್ಲದೆ ಹೀಗೆ ಸುತ್ತಿಸುತ್ತದೆ.

ತುಂಬಿಸಿದ್ದು ಯಾರು? ಡಿಯು ಕಮಾಂಡ್‌ನಲ್ಲಿ ಒಂದೊಂದೇ ಫೋಲ್ಡರ್ ಅಳೆದೆ. ಎಲ್ಲ ಸೇರಿ 4 ಜಿಬಿ ದಾಟಲಿಲ್ಲ. ಉಳಿದ 25 ಜಿಬಿ ಎಲ್ಲಿ? ಎರಡು ದಿನ ಇದರಲ್ಲೇ ಹೋಯಿತು. ಉತ್ತರ ಹೀಗಿತ್ತು: ಒಂದು ರಾತ್ರಿ ಮೂರನೇ ಡಿಸ್ಕ್ ಕಾಣೆಯಾಗಿದೆ. ಆರ್‌ಸಿಂಕ್‌ಗೆ ಅದು ಗೊತ್ತಿಲ್ಲ. ಡಿಸ್ಕ್ ಮೌಂಟ್ ಆಗಬೇಕಿದ್ದ, ಅಂದರೆ ಬಂದು ಜೋಡಿಕೊಳ್ಳಬೇಕಿದ್ದ ಖಾಲಿ ಫೋಲ್ಡರ್ ಪೆನ್‌ಡ್ರೈವ್‌ನಲ್ಲಿ ಇದ್ದೇ ಇದೆ, ಅದರೊಳಕ್ಕೇ ನಕಲು ಸುರಿದಿದೆ. ನಾನು ರೀಸ್ಟಾರ್ಟ್ ಮಾಡಿದಾಗ ಡಿಸ್ಕ್ ವಾಪಸ್ ಬಂದು ಅದೇ ಫೋಲ್ಡರ್ ಮೇಲೆ ಕೂತಿದೆ. ಚಾಪೆ ಹಾಸಿದರೆ ಕೆಳಗಿನ ಕಸ ಕಾಣುತ್ತದೆಯೇ? ಡಿಸ್ಕನ್ನು ಅನ್‌ಮೌಂಟ್ ಮಾಡಿ ನೋಡಿದಾಗ ಅಡಿಯಲ್ಲಿ 25 ಜಿಬಿ ವೀಣೆ ಪಾಠ ಬಿದ್ದಿತ್ತು. ಅಳಿಸಿದೆ. ನಕಲಿಗೆ ಮುಂಚೆ ಡಿಸ್ಕ್ ಮೌಂಟ್ ಆಗಿದೆಯೇ ಎಂದು ನೋಡಲು ಸ್ಕ್ರಿಪ್ಟ್‌ನಲ್ಲಿ ಮೌಂಟ್‌ಪಾಯಿಂಟ್ ಕಮಾಂಡಿನ ಒಂದು ಸಾಲು ಸೇರಿಸಿದೆ. ನಿಮ್ಮ ಮನೆಯಲ್ಲೂ ರಾತ್ರಿ ನಕಲಿನ ವ್ಯವಸ್ಥೆ ಇದ್ದರೆ ಈ ಸಾಲನ್ನು ಇವತ್ತೇ ಸೇರಿಸಿ.

ಡಿಸ್ಕ್ ಕಾಣೆಯಾಗಿದ್ದು ಯಾಕೆ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಡಿಸ್ಕ್ ಕೆಟ್ಟಿದೆ. ವಾರಂಟಿಗೆ ಕೊಟ್ಟೆ, ಇಪ್ಪತ್ತು ದಿನ ಕಾದೆ, ರಿಪೇರಿ ಮಾಡಿದ ಇನ್ನೊಂದು ಕೊಟ್ಟರು. ಎರಡು ತಿಂಗಳಲ್ಲಿ ಅದೂ ಕಾಣೆಯಾಯಿತು. ಆಗ ಬುದ್ಧಿ ಓಡಿತು: ಎರಡು ಬೇರೆ ಬೇರೆ ಡಿಸ್ಕ್ ಒಂದೇ ತರಹ ಕೆಡುವುದು ಹೇಗೆ?

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಡುವ ಸ್ಮಾರ್ಟ್ ಪಟ್ಟಿಯನ್ನು ಮೊದಲ ಸಲ ಕೂತು ಓದಿದೆ. ಅದರಲ್ಲಿ 5 ಅನ್ನುವ ನಂಬರಿನ ಸಾಲು ಡಿಸ್ಕ್ ಕೈಬಿಟ್ಟು ಬದಲಿ ಕೊಟ್ಟ ಸೆಕ್ಟರ್‌ಗಳ (ಡೇಟಾ ಇಡುವ ಸಣ್ಣ ತುಣುಕುಗಳ) ಲೆಕ್ಕ. 197 ಓದಲಾಗದೆ ಕಾಯುತ್ತಿರುವ ಸೆಕ್ಟರ್‌ಗಳದ್ದು. ಇವು ಏರುತ್ತಿದ್ದರೆ ಡಿಸ್ಕಿನ ಮೇಲೆಯೇ ಅನುಮಾನ ಪಡಬೇಕು. ನನ್ನದರಲ್ಲಿ ಎರಡೂ ಸೊನ್ನೆ. ಏರಿದ್ದು 199, ಅಂದರೆ ಡಿಸ್ಕಿಗೂ ಬೋರ್ಡಿಗೂ ನಡುವೆ ದಾರಿಯಲ್ಲಿ ಕೆಟ್ಟ ಡೇಟಾದ ಲೆಕ್ಕ. ಇದಕ್ಕೆ ಹೆಚ್ಚಿನ ಸಲ ಕಾರಣ ಕೇಬಲ್. ನಾನು ಹಳೆಯ ಸಾಟಾ ಕೇಬಲನ್ನು ಮಡಚಿ ತುರುಕಿದ್ದೆ. 120 ರೂಪಾಯಿಯ ಹೊಸ ಕೇಬಲ್ ಹಾಕಿದೆ. ಎಣಿಕೆ 212ಕ್ಕೆ ನಿಂತಿತು. ಈ ಸಂಖ್ಯೆ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು. ಅಂದರೆ ಚೆನ್ನಾಗಿದ್ದ ಡಿಸ್ಕನ್ನು ಕೊಟ್ಟು ರಿಪೇರಿಯದ್ದನ್ನು ತಂದಿದ್ದೆ.

ಆದರೂ ಡಿಸ್ಕ್ ಆಗಾಗ ಕಾಣೆಯಾಗುವುದು ನಿಲ್ಲಲಿಲ್ಲ. ಲಾಗ್, ಅಂದರೆ ಸರ್ವರ್ ಬರೆದಿಡುವ ದಿನಚರಿ, ನೋಡೋಣವೆಂದರೆ ಅಲ್ಲಿ ಏನೂ ಇಲ್ಲ. ಪೆನ್‌ಡ್ರೈವ್ ಬೇಗ ಸವೆಯದಿರಲಿ ಎಂದು ಫ್ಲ್ಯಾಶ್‌ಮೆಮೊರಿ ಪ್ಲಗಿನ್ ಹಾಕಿದ್ದೆ. ಅದು ಲಾಗ್‌ಗಳನ್ನು ರ‍್ಯಾಮ್‌ನಲ್ಲಿಟ್ಟು, ಸರಿಯಾಗಿ ಶಟ್‌ಡೌನ್ ಮಾಡಿದಾಗ ಪೆನ್‌ಡ್ರೈವ್‌ಗೆ ಬರೆಯುತ್ತದೆ. ಪಟ್ಟಂತ ಕರೆಂಟ್ ಹೋದರೆ ಅಷ್ಟೂ ಮಾಯ. ಪ್ಲಗಿನ್ ಒಳ್ಳೆಯದೇ, ನನ್ನ ಸಾಕ್ಷಿಯನ್ನು ಮಾತ್ರ ತಿಂದುಹಾಕಿತ್ತು. ಕರೆಂಟಿನ ಮೇಲೆ ನನಗೆ ಅನುಮಾನವೂ ಇರಲಿಲ್ಲ. ಮನೆಗೆ ಇನ್ವರ್ಟರ್ ಇದೆಯಲ್ಲ! ರ‍್ಯಾಮ್ ಮೇಲೆ ಅನುಮಾನಪಟ್ಟು ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ. ಒಂದೂ ತಪ್ಪಿಲ್ಲ.

ಗುಟ್ಟು ಬಯಲು ಮಾಡಿದ್ದು ಕಂಪ್ಯೂಟರ್ ಮುಟ್ಟದ ನನ್ನ ಬಾಮೈದ. ಮಂಡ್ಯದಲ್ಲಿ ಪಂಪ್‌ಸೆಟ್ ಮೋಟರ್‌ಗಳಿಗೆ ವೈಂಡಿಂಗ್ ಮಾಡುತ್ತಾನೆ. ಮೇ ತಿಂಗಳಲ್ಲಿ ಮದುವೆಗೆಂದು ಬಂದಿದ್ದ. ಸಂಜೆ ಗುಡುಗು, ಗಾಳಿ. ಕರೆಂಟ್ ಹೋಯಿತು, ಇನ್ವರ್ಟರ್ ಹಿಡಿಯಿತು, ಲೈಟು ಒಮ್ಮೆ ಕಣ್ಣು ಮಿಟುಕಿಸಿತು ಅಷ್ಟೇ. ಕಾಫಿ ಲೋಟ ಕೆಳಗಿಟ್ಟು ಅವನು ಸರ್ವರ್ ಇಟ್ಟಿದ್ದ ಶೋಕೇಸ್ ಕಡೆ ನೋಡಿದ.

"ಭಾವ, ಆ ಡಬ್ಬ ಒಂದ್ಸಲ ನಿಂತು ಮತ್ತೆ ಎದ್ದೈತೆ. ಸದ್ದು ಕೇಳಿಸ್ನಿಲ್ವಾ?"

ಫ್ಯಾನಿನ ಸದ್ದಿನಲ್ಲೇ ಹಿಡಿದಿದ್ದ. ಸರ್ವರ್ ಆನ್ ಆಗಿ ಎಷ್ಟು ಹೊತ್ತಾಯಿತು ಅನ್ನುವ ಅಪ್‌ಟೈಮ್ ನೋಡಿದರೆ ಎರಡು ನಿಮಿಷ! ಬಯಾಸ್‌ನಲ್ಲಿ ನಾನು ಮಾಡಿದ್ದ ಆ ಜಾಣತನದಿಂದ ಸರ್ವರ್ ಸತ್ತು ಹುಟ್ಟುತ್ತಿದ್ದದ್ದು ಯಾರಿಗೂ ಕಾಣುತ್ತಿರಲಿಲ್ಲ. ಇನ್ವರ್ಟರ್ ಹಿಂದೆ ಒಂದು ಪುಟ್ಟ ಸ್ವಿಚ್ ಇತ್ತು, ನಾರ್ಮಲ್ ಮತ್ತು ಯುಪಿಎಸ್ ಅಂತ. ನಮ್ಮದು ನಾರ್ಮಲ್‌ನಲ್ಲಿತ್ತು. ಲೈಟು, ಫ್ಯಾನಿಗೆ ಅದು ಸಾಕು, ಲೋ ವೋಲ್ಟೇಜನ್ನೂ ತಡೆದುಕೊಳ್ಳುತ್ತದೆ. ಆದರೆ ಬದಲಾಗುವುದು ನಿಧಾನ. ಕಂಪ್ಯೂಟರಿನ ಪವರ್ ಸಪ್ಲೈ ಕರೆಂಟ್ ಇಲ್ಲದೆ ತಡೆಯಬೇಕಾದ್ದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು.

ಹಾಗಾದರೆ ರೀಸ್ಟಾರ್ಟ್ ಆದಾಗ ಮೂರನೇ ಡಿಸ್ಕ್ ಯಾಕೆ ಏಳುವುದಿಲ್ಲ? ಅದನ್ನೂ ಅವನೇ ಹೇಳಿದ. "ಮೋಟ್ರು ಎತ್ಕಳ್ಳುವಾಗ ಜಾಸ್ತಿ ಎಳೀತದೆ ಭಾವ. ಇದ್ರೊಳಗೂ ತಿರುಗೋದು ಮೋಟ್ರು ತಾನೇ?"

ಹೌದಲ್ಲ! ದೊಡ್ಡ ಡಿಸ್ಕೊಂದು ತಿರುಗಲು ಶುರುವಾಗುವಾಗ 12 ವೋಲ್ಟ್ ತಂತಿಯಲ್ಲಿ ಹತ್ತಿರ ಹತ್ತಿರ 2 ಆಂಪಿಯರ್ ಎಳೆಯುತ್ತದೆ. ಮೂರೂ ಒಟ್ಟಿಗೆ ಎದ್ದರೆ 6. ಡೆಸ್ಕ್‌ಟಾಪ್‌ನಲ್ಲಿ ಇದ್ದದ್ದು ಎರಡೇ ಸಾಟಾ ಪವರ್ ಪ್ಲಗ್. ಒಂದು ಯಾರೂ ಬಳಸದ ಡಿವಿಡಿ ಡ್ರೈವ್‌ಗೆ ಹೋಗಿತ್ತು. ಇನ್ನೊಂದಕ್ಕೆ ಸ್ಪ್ಲಿಟರ್ ಸಿಕ್ಕಿಸಿ ಮೂರು ಡಿಸ್ಕಿಗೂ ಹಂಚಿದ್ದೆ. ಆ ಪ್ಲಗ್ 12 ವೋಲ್ಟ್‌ನಲ್ಲಿ ತಡೆಯಬೇಕಾದ್ದು 4.5 ಆಂಪಿಯರ್. ಸ್ಪ್ಲಿಟರಿನ ಕೊನೆಯಲ್ಲಿದ್ದವನೇ ಮೂರನೆಯವನು, ಪಾಪ.

ಡಿವಿಡಿ ಡ್ರೈವ್ ಕಿತ್ತೆ. ಒಂದು ಪ್ಲಗ್‌ಗೆ ಎರಡು ಡಿಸ್ಕ್, ಇನ್ನೊಂದಕ್ಕೆ ಒಂದು. ಇನ್ವರ್ಟರನ್ನು ಯುಪಿಎಸ್ ಮೋಡ್‌ಗೆ ಹಾಕಿದೆ. ಅದನ್ನೊಂದೇ ನಂಬದೆ ನಡುವೆ 600 ವಿಎ ಯುಪಿಎಸ್ ಇಟ್ಟು, ಯುಎಸ್‌ಬಿ ಮೂಲಕ ಸರ್ವರ್‌ಗೆ ಜೋಡಿಸಿದೆ. ಬ್ಯಾಟರಿ ಮುಗಿಯುತ್ತಾ ಬಂದರೆ ಯುಪಿಎಸ್ ಮೇಲೆ ಕಣ್ಣಿಡುವ ನಟ್ ಪ್ಲಗಿನ್ ಸರ್ವರನ್ನು ತಾನೇ ಶಟ್‌ಡೌನ್ ಮಾಡುತ್ತದೆ. ಒಂದು ಎಚ್ಚರಿಕೆ: ಮನೆಯ ಇನ್ವರ್ಟರ್ ಸೈನ್ ವೇವ್ ಆಗಿರಲಿ. ಸ್ಕ್ವೇರ್ ವೇವ್ ಕೊಟ್ಟರೆ ಕೆಲವು ಯುಪಿಎಸ್‌ಗಳು ಅದನ್ನು ಕರೆಂಟ್ ಅಂತಲೇ ಒಪ್ಪದೆ ಬ್ಯಾಟರಿಯನ್ನೇ ಖಾಲಿ ಮಾಡುತ್ತವೆ.

ಇದೆಲ್ಲ ಮುಗಿದು ಒಂದು ವರ್ಷದ ಮೇಲಾಯಿತು. ಮೂರನೇ ಡಿಸ್ಕ್ ಒಮ್ಮೆಯೂ ಕೈಕೊಟ್ಟಿಲ್ಲ. 199 ಇನ್ನೂ 212ರಲ್ಲೇ ಇದೆ.

ಕೊಳ್ಳುವವರಿಗೆ ಒಂದೆರಡು ಮಾತು. ಡಿಸ್ಕ್ ತೆಗೆದುಕೊಳ್ಳುವಾಗ ಅದು ಸಿಎಂಆರ್ (ಡೇಟಾವನ್ನು ಪಕ್ಕ ಪಕ್ಕದ ಸಾಲುಗಳಲ್ಲಿ ಬರೆಯುವ ಬಗೆ) ಹೌದೇ ಎಂದು ಕೇಳಿ. ಸಾಲಿನ ಮೇಲೆ ಸಾಲು ಸ್ವಲ್ಪ ಒತ್ತರಿಸಿ ಬರೆಯುವ ಎಸ್‌ಎಂಆರ್ ಡಿಸ್ಕ್‌ಗಳು ಮಿರರ್ ಮತ್ತೆ ಕಟ್ಟುವಾಗ ತೆವಳಬಹುದು. ಬೇಸಿಗೆಯಲ್ಲಿ ನಮ್ಮ ಡಿಸ್ಕ್ 48 ಡಿಗ್ರಿಗೆ ಹೋಗುತ್ತಿತ್ತು, ಶೋಕೇಸಿನ ಹಿಂದಿನ ಪ್ಲೈವುಡ್ ಬಿಚ್ಚಿದ ಮೇಲೆ 41. ಕರೆಂಟ್ ಲೆಕ್ಕ: ಸುಮ್ಮನಿದ್ದಾಗ 35 ವಾಟ್, ಅಂದರೆ ತಿಂಗಳಿಗೆ 25 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಗಡಿಯ ಹತ್ತಿರ ಇರುವ ಮನೆಗಳಿಗೆ ಇದು ಸಣ್ಣದಲ್ಲ. ನಮ್ಮ ಮನೆಯಲ್ಲಿ ಪ್ರತಿ ತಿಂಗಳು ಬಿಲ್ ಬಂದ ದಿನ ಎಲ್ಲರ ಕಣ್ಣು ಮೊದಲು ಶೋಕೇಸ್ ಕಡೆಗೇ ಹೋಗುತ್ತದೆ.