ಓಡಿಸೋದು 74 ಕಿಲೋಮೀಟರ್, ಹೋಗಿ ಬರೋದು 1600: ಅಬಾರ್ತ್, ಪೋಲೊ, ಬಲೆನೊ ಆರ್‌ಎಸ್

ಬೆಳಗಾವಿಯಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ ಸುಮಾರು 800 ಕಿಲೋಮೀಟರ್. ಅಲ್ಲಿನ ರೇಸ್ ಟ್ರ್ಯಾಕಿನ ಒಂದು ಸುತ್ತು 3.7 ಕಿಲೋಮೀಟರ್. ಒಂದು ದಿನದಲ್ಲಿ 20 ಸುತ್ತು ಹೊಡೆದರೆ 74 ಆಗುತ್ತದೆ. ಆ 74ಕ್ಕಾಗಿ ಹೋಗಿ ಬರಲು 1600. ಈ ಲೆಕ್ಕವನ್ನು ನಾನು ಮನೆಯಲ್ಲಿ ಜೋರಾಗಿ ಹೇಳಿಲ್ಲ. ಇನ್ನೊಂದು ಟ್ರ್ಯಾಕ್ ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಅದು ಇನ್ನೂ ಸ್ವಲ್ಪ ದೂರ. ಕಾರನ್ನು ಟ್ರಕ್ಕಿನ ಮೇಲೆ ಹೇರಿಸಿ ಕಳಿಸುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಯಾವ ಕಾರಿನಲ್ಲಿ ಹೋಗುತ್ತೇನೋ ಅದನ್ನೇ ಟ್ರ್ಯಾಕಿಗೆ ಇಳಿಸಬೇಕು, ಅದರಲ್ಲೇ ಮನೆಗೆ ಬರಬೇಕು. ಹಳೆಯ ಕಾರು ಹುಡುಕುವಾಗ ನಾನು ಹಿಡಿದುಕೊಂಡಿದ್ದ ಅಳತೆಗೋಲು ಇದೊಂದೇ.

ಕೈಯಲ್ಲಿ ಇದ್ದದ್ದು ಆರು ಲಕ್ಷ. ಟೈರು, ಬ್ರೇಕು, ಕಾಗದಪತ್ರ ಎಲ್ಲಾ ಅದರಲ್ಲೇ ಮುಗಿಯಬೇಕು. ಹೊರದೇಶದವರು ಟ್ರ್ಯಾಕಿಗೂ ರಸ್ತೆಗೂ ಆಗುವ ಕಾರು ಯಾವುದು ಅಂತ ಕೇಳಿದರೆ ಮಜ್ದಾ ಮಿಯಾಟಾ ತಗೋ, ಟೊಯೊಟಾ 86 ತಗೋ ಅನ್ನುತ್ತಾರೆ. ಆ ಎರಡು ಸ್ಪೋರ್ಟ್ಸ್ ಕಾರುಗಳನ್ನೂ ಕಂಪನಿಗಳು ಇಲ್ಲಿ ಮಾರಲೇ ಇಲ್ಲ. ಪರಿಚಯದವರೊಬ್ಬರು ತಮ್ಮ ಬಿಎಂಡಬ್ಲ್ಯೂ ಝಡ್4 ಅನ್ನು ಅರ್ಧ ಗಂಟೆ ಓಡಿಸಲು ಕೊಟ್ಟರು. ಖಾನಾಪುರ ರಸ್ತೆಯಲ್ಲಿ ಹಂಪ್ ಕಂಡಲ್ಲೆಲ್ಲ ಓರೆಯಾಗಿ ಹತ್ತಿಸಿದೆ. ರನ್‌ಫ್ಲಾಟ್ ಟೈರು (ಪಂಕ್ಚರಾದರೂ ಸ್ವಲ್ಪ ದೂರ ಓಡುವಂಥದ್ದು) ಅಂತ ಅದಕ್ಕೆ ಸ್ಟೆಪ್ನಿ ಇಲ್ಲ. ಟಿಳಕವಾಡಿಯ ಹುಡುಗರು ಫೋಟೊ ತೆಗೆದರು, ನಾನು ಕೀಲಿ ವಾಪಸ್ ಕೊಟ್ಟೆ. ಅದರ ಬೆಲೆಯೂ ನನ್ನ ಜೇಬಿನದಲ್ಲ. ಕೊನೆಗೆ ಉಳಿದದ್ದು ದಿನಬಳಕೆಯ ಸಣ್ಣ ಕಾರಿಗೆ ಟರ್ಬೊ ಎಂಜಿನ್ ಕೂರಿಸಿದ ಮೂರು: ಫಿಯಟ್ ಅಬಾರ್ತ್ ಪುಂಟೊ, ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ಮಾರುತಿ ಬಲೆನೊ ಆರ್‌ಎಸ್. ಈಗ ಮೂರೂ ಹೊಸದಾಗಿ ಸಿಗುವುದಿಲ್ಲ. ಅದನ್ನು ನೆನಪಿಟ್ಟುಕೊಂಡೇ ಮುಂದಿನದು ಓದಿ.

ಅಬಾರ್ತ್ ನನ್ನ ಗೆಳೆಯನದು. ಶಹಾಪುರದಲ್ಲಿ ಅವನ ಮನೆ, ನಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಅವನ ಮಷಿನ್ ಶಾಪ್. 2015ರಲ್ಲಿ ಹತ್ತು ಲಕ್ಷದೊಳಗಿನ ಷೋರೂಮ್ ಬೆಲೆಗೆ 145 ಹಾರ್ಸ್‌ಪವರ್ ಕೊಟ್ಟ ಕಾರು ಇದು. 1.4 ಲೀಟರ್ ಟಿ-ಜೆಟ್ ಎಂಜಿನ್, 212 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ), ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. 2000 ಆರ್‌ಪಿಎಂವರೆಗೆ ಅದು ಪುಂಟೊನೇ, ಸೋಮಾರಿ. ಆಮೇಲೆ ಯಾರೋ ಹಿಂದಿನಿಂದ ದೂಡಿದ ಹಾಗೆ. ವಂಟಮೂರಿ ಘಾಟು ಏರುವಾಗ ಮೂರನೇ ಗೇರಿನಲ್ಲಿ ಆ ತಳ್ಳು ಬಂದಾಗ ನಾನು ಸುಮ್ನೆ ನಕ್ಕುಬಿಟ್ಟೆ. ಪಕ್ಕದಲ್ಲಿ ಕೂತವನು, "ಎಲ್ಲಾರೂ ಇಲ್ಲೇ ನಗತಾರಲೇ" ಅಂದ.

ಅದಕ್ಕಿಂತ ನನಗೆ ಹಿಡಿಸಿದ್ದು ಸ್ಟೇರಿಂಗ್. ಹೈಡ್ರಾಲಿಕ್ ಆದ್ದರಿಂದ ತೂಕ ಇದೆ. ಮುಂದಿನ ಟೈರು ಹಿಡಿತ ಬಿಡುವ ಮೊದಲೇ ಕೈಗೆ ಗೊತ್ತಾಗುತ್ತದೆ. ಚೆನ್ನೈ ಟ್ರ್ಯಾಕಿನಲ್ಲಿ ಎರಡು ಸೆಷನ್ ಓಡಿಸಿದೆ, ತಲಾ 15 ನಿಮಿಷ. ವೇಗದ ತಿರುವುಗಳಲ್ಲಿ ಈ ಮೂರರಲ್ಲಿ ಇಷ್ಟು ಧೈರ್ಯ ಕೊಟ್ಟದ್ದು ಇನ್ನೊಂದಿಲ್ಲ. ನಿಧಾನ ತಿರುವಿನಲ್ಲಿ ಮಾತ್ರ ಬೇಗ ಆಕ್ಸಿಲರೇಟರ್ ಒತ್ತಿದರೆ ಟಾರ್ಕ್ ಜಾಸ್ತಿಯಾಗಿ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡಂತಾಗುತ್ತದೆ. ಸೀಟು ಎತ್ತರ. ಕ್ಲಚ್ ಭಾರ. ಟಿಳಕವಾಡಿ ರೈಲ್ವೆ ಗೇಟಿನಲ್ಲಿ ಇಪ್ಪತ್ತು ನಿಮಿಷ ಒಂದೊಂದೇ ಹೆಜ್ಜೆ ಇಟ್ಟರೆ ಎಡ ಮೊಣಕಾಲು ಲೆಕ್ಕ ಕೇಳುತ್ತದೆ.

ಫಿಯಟ್ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿ ವರ್ಷಗಳಾದವು. ಹಾಗಾದರೆ ಸಾಮಾನು? ಗೆಳೆಯನ ಉತ್ತರ ಉದ್ಯಮಬಾಗದ ಉತ್ತರ. ಫೌಂಡ್ರಿ, ಲೇತು, ಸಿಎನ್‌ಸಿ ಎಲ್ಲಾ ಒಂದೇ ಕಡೆ ಇರುವ ಊರು ನಮ್ಮದು. ಸಸ್ಪೆನ್ಷನ್ ಬುಷ್ ಸವೆದಾಗ ಅಳತೆ ತೆಗೆದು ಎರಡು ದಿನದಲ್ಲಿ ತಾನೇ ಮಾಡಿ ಹಾಕಿಕೊಂಡ. ಬ್ರೇಕ್ ಡಿಸ್ಕನ್ನು ಅಲ್ಲೇ ಲೇತಿಗೆ ಹಾಕಿಸಿ ಸಪಾಟು ಮಾಡಿಸಿದ. ಎಂಜಿನ್ ಸಾಮಾನಿಗೂ ಒಂದು ದಾರಿ ಇದೆ, ಲಿನಿಯಾ ಟಿ-ಜೆಟ್‌ನಲ್ಲೂ ಇದೇ ಎಂಜಿನ್ ಇತ್ತು. ಆದರೆ ಒಂದು ಸಣ್ಣ ಸೆನ್ಸರ್ ಹೋದಾಗ ಅವನ ಲೇತು ಏನೂ ಮಾಡಲಿಲ್ಲ. ಪುಣೆಯ ಅಂಗಡಿಗಳಿಗೆ ಮೂರು ವಾರ ಫೋನ್ ಮಾಡಿದ. ಕಬ್ಬಿಣದ ಸಾಮಾನಿಗೆ ಬೆಳಗಾವಿಯಲ್ಲಿ ಭಯವಿಲ್ಲ. ವೈರು ಇರುವ ಸಾಮಾನಿನದೇ ಭಯ. ಮಷಿನ್ ಶಾಪ್ ಇರುವ ಅವನಿಗೇ ಹೀಗಾದರೆ ನನ್ನ ಗತಿ?

ಅವನದನ್ನು ಅವನು ಮಾರುವುದಿಲ್ಲ. ಕೊಲ್ಲಾಪುರದಲ್ಲಿ ಇನ್ನೊಂದು ಸಿಕ್ಕಿತು, ಎಂಎಚ್-09 ನಂಬರು, ಕೇಳಿದ್ದು 5.75 ಲಕ್ಷ. ಇಲ್ಲಿ ಒಂದು ಮಾತು ಹೇಳಲೇಬೇಕು. ಬೆಳಗಾವಿಯಲ್ಲಿ ಎಂಎಚ್ ನಂಬರಿನ ಕಾರು ಬೀದಿಗೆ ನಾಲ್ಕು ಕಾಣುತ್ತವೆ ಅಂತ ಯಾರೂ ಮೈಮರೆಯಬಾರದು. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿದ್ದರೆ ಹೊಸ ನಂಬರು ಪಡೆಯಬೇಕು. ಅದಕ್ಕೆ ಆ ಕಡೆಯ ಎನ್‌ಒಸಿ ಬೇಕು. ಇಲ್ಲಿಯ ತೆರಿಗೆ ಮತ್ತೆ ಕಟ್ಟಬೇಕು. ಗಾಡಿಯ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಆದರೂ ಕರ್ನಾಟಕದ ತೆರಿಗೆ ಅಂದರೆ ಸಣ್ಣ ಮಾತಲ್ಲ. ಆ ಲೆಕ್ಕ ಹಾಕಿದಾಗ ಕೊಲ್ಲಾಪುರದ ಕಾರು ನನ್ನ ಆರು ಲಕ್ಷವನ್ನು ದಾಟಿ ಆಚೆ ನಿಂತಿತ್ತು.

ಪೋಲೊ ನನ್ನ ಭಾವಮೈದುನನದು. 2016ರ ಜಿಟಿ ಟಿಎಸ್‌ಐ, 1.2 ಲೀಟರ್, 105 ಹಾರ್ಸ್‌ಪವರ್, ತಾನೇ ಗೇರು ಬದಲಿಸುವ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್. ಚೆನ್ನೈಗೆ ಹೋಗುವಾಗ ಹೆಚ್ಚು ಹೊತ್ತು ಇದನ್ನೇ ಓಡಿಸಿದೆ. ದಾವಣಗೆರೆ ದಾಟಿದ್ದೇ ಗೊತ್ತಾಗಲಿಲ್ಲ. ನೂರರ ವೇಗದಲ್ಲಿ ಎಂಜಿನ್ ಸದ್ದೇ ಇಲ್ಲ, ಸೀಟು ಬೆನ್ನನ್ನು ಸರಿಯಾಗಿ ಹಿಡಿಯುತ್ತದೆ, ಬಾಗಿಲು ಹಾಕಿದರೆ ಬ್ಯಾಂಕಿನ ಲಾಕರ್ ಹಾಕಿದಂತೆ. ಆ 1600 ಕಿಲೋಮೀಟರಿಗೆ ಮಾತ್ರ ಅಂಕ ಕೊಡುವುದಾದರೆ ಪೋಲೊ ಕಣ್ಣು ಮುಚ್ಚಿ ಗೆಲ್ಲುತ್ತದೆ.

ನನ್ನ ತಕರಾರು ಗೇರ್‌ಬಾಕ್ಸಿನದು. ಈ ಏಳು ಗೇರಿನ ಡಿಎಸ್‌ಜಿಯಲ್ಲಿ ಎರಡು ಒಣ ಕ್ಲಚ್ ಇರುತ್ತವೆ. ಅವು ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ತಣ್ಣಗಾಗಲು ಗಾಳಿಯೇ ಗತಿ. ಹೆದ್ದಾರಿಯಲ್ಲಿ ತೊಂದರೆ ಇಲ್ಲ. ಗೇಟಿನ ಮುಂದೆ ಇರುವೆಯಂತೆ ಹರಿದಾಡುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಬಿಸಿಯಾಗುತ್ತದೆ. ಮುಂದಿನ ಗಾಡಿ ಎರಡು ಮೊಳ ಸರಿದರೆ ನೀವು ಸರಿಯಬೇಡಿ, ಹತ್ತು ಮೊಳ ಬಿಟ್ಟು ಒಮ್ಮೆಲೇ ಹೋಗಿ. ಹಿಂದಿನವನು ಹಾರ್ನ್ ಹೊಡೆಯಲಿ ಬಿಡಿ. ಟ್ರ್ಯಾಕಿನಲ್ಲಿ ಗೇರು ಏರಿಸುವಾಗ ಕಣ್ಣು ಮಿಟುಕಿಸುವಷ್ಟೂ ತಡವಿಲ್ಲ, ಚಂದ. ತಿರುವಿಗೆ ಮೊದಲು ಇಳಿಸಲು ಹೇಳಿದರೆ ಮಾತ್ರ ಅದು ತನ್ನದೇ ಯೋಚನೆ ಮಾಡುತ್ತದೆ. ಆ ಅರ್ಧ ಕ್ಷಣ ನನಗೆ ಸರಿ ಬರಲಿಲ್ಲ.

ಆ ದಿನ ಟ್ರ್ಯಾಕಿನಲ್ಲಿ ಪೋಲೊದೊಂದಿಗೆ ಒಂದು ಪೇಚಾಟವೂ ಆಯಿತು, ಅದಕ್ಕೆ ಕಾರು ಕಾರಣವಲ್ಲ. ಏಳನೇ ಸುತ್ತಿನಲ್ಲಿ ನೇರ ದಾರಿಯ ಕೊನೆಗೆ ಬ್ರೇಕ್ ಒತ್ತಿದೆ, ಪೆಡಲ್ ಮೆತ್ತಗೆ ಕೆಳಗೆ ಹೋಯಿತು. ಎರಡು ಸಲ ಪಂಪ್ ಮಾಡಿದ ಮೇಲೆ ಹಿಡಿಯಿತು. ಹೊಟ್ಟೆಯೊಳಗೆ ಒಂದು ಕ್ಷಣ ತಣ್ಣಗಾಯಿತು. ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ ಬಂದು ಮುಚ್ಚಳ ತೆಗೆದರೆ ಬ್ರೇಕ್ ಆಯಿಲ್ ಕಷಾಯದ ಬಣ್ಣ. ಊರು ಬಿಡುವ ಮೊದಲು ಒಂದು ಗ್ಯಾರೇಜಿನಲ್ಲಿ ಬದಲಿಸಲು ಕೊಟ್ಟಿದ್ದೆವು. ಬಿಲ್ಲಿನಲ್ಲಿ ಬದಲಾಗಿತ್ತು, ಕಾರಿನಲ್ಲಿ ಬದಲಾಗಿರಲಿಲ್ಲ. ಮುಚ್ಚಳ ತೆಗೆದು ನೋಡದ ತಪ್ಪು ನಮ್ಮದೂ ಹೌದು.

ಇದರ ಲೆಕ್ಕ ಇಷ್ಟೇ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಅದು ಗಾಳಿಯ ತೇವ ಹೀರುತ್ತದೆ. ನೀರು ಸೇರಿದ ಮೇಲೆ ನಿಯಮ ಕೇಳುವುದೇ 155 ಡಿಗ್ರಿ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ನೀವು ಒತ್ತಿದ್ದು ಬ್ರೇಕಿಗೆ ಹೋಗದೆ ಗುಳ್ಳೆಯನ್ನು ಹಿಸುಕಲು ಖರ್ಚಾಗುತ್ತದೆ. ನಮ್ಮ ಮಳೆಗಾಲ ಎಷ್ಟು ಉದ್ದ ಅಂತ ನಿಮಗೆ ಗೊತ್ತಲ್ವಾ? ಯಾವ ಕಾರೇ ಇರಲಿ, ಟ್ರ್ಯಾಕಿಗೆ ಹೋಗುವ ಮೊದಲು ಇದೊಂದನ್ನು ನಿಮ್ಮ ಕಣ್ಣೆದುರೇ ಬದಲಿಸಿಕೊಳ್ಳಿ. ಪೋಲೊದ ಹಿಂದಿನ ಚಕ್ರಗಳಿಗೆ ಡ್ರಮ್. ಈ ಗಾತ್ರದ ಕಾರಿಗೆ ಅದು ದೊಡ್ಡ ಕೊರತೆಯಲ್ಲ, ಮುಕ್ಕಾಲು ಕೆಲಸ ಮುಂದಿನವೇ ಮಾಡುತ್ತವೆ.

2020ರ ನಂತರದ ಪೋಲೊಗಳಲ್ಲಿ 1.0 ಟಿಎಸ್‌ಐ, 110 ಹಾರ್ಸ್‌ಪವರ್, ಆರು ಗೇರಿನ ಮ್ಯಾನುವಲ್ ಸಿಗುತ್ತದೆ. ನನ್ನ ಹತ್ತಿರ ಎಂಟು ಲಕ್ಷ ಇದ್ದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಬಲೆನೊ ಆರ್‌ಎಸ್ ನನ್ನ ಪಟ್ಟಿಯಲ್ಲೇ ಇರಲಿಲ್ಲ. ನನ್ನ ಮಿಸ್ತ್ರಿ ಹೇಳಿದ್ದು. "ಹುಬ್ಬಳ್ಳ್ಯಾಗ ಒಂದ ಆರ್‌ಎಸ್ ಐತ್ರಿ ಸರ. ಒಬ್ಬರ ಕೈಯಾಗಿಂದು. ನೋಡ್ರಿ ಒಮ್ಮೆ, ನೋಡಾಕ ರೊಕ್ಕ ಬೀಳಂಗಿಲ್ಲ." ಬಲೆನೊ ಅಂದರೆ ಮದುವೆ ಮನೆ ಮುಂದೆ ಹತ್ತು ನಿಂತಿರುವ ಕಾರು ಅಂತ ಮೂಗು ಮುರಿದೆ. ಹೋಗಿ ಓಡಿಸಿದ ಮೇಲೆ ಸುಮ್ಮನಾದೆ.

ಇದು 2017ರಲ್ಲಿ ಬಂತು, 2020ರಲ್ಲಿ ನಿಂತಿತು. ಒಂದು ಲೀಟರಿನ ಮೂರು ಸಿಲಿಂಡರ್ ಬೂಸ್ಟರ್‌ಜೆಟ್, 102 ಹಾರ್ಸ್‌ಪವರ್, 150 ನ್ಯೂಟನ್ ಮೀಟರ್. ಕಾಗದದ ಮೇಲೆ ಅಬಾರ್ತ್ ಮುಂದೆ ಇದು ಪುಟ್ಟ ತಮ್ಮ. ಆದರೆ ತೂಕ 950 ಕೆಜಿ ಅಷ್ಟೇ. ಒಂದು ಟನ್ನಿಗೆ ಎಷ್ಟು ಹಾರ್ಸ್‌ಪವರ್ ಅಂತ ಲೆಕ್ಕ ಹಾಕಿದರೆ ಇದಕ್ಕೆ ಸುಮಾರು 107 ಬರುತ್ತದೆ, ಅಬಾರ್ತ್‌ಗೆ 120ರ ಹತ್ತಿರ, ಪೋಲೊಗೆ 95ರ ಆಸುಪಾಸು. ತೂಕ ಕಡಿಮೆ ಇದ್ದರೆ ಬ್ರೇಕ್ ಕಡಿಮೆ ಬಿಸಿಯಾಗುತ್ತದೆ, ಟೈರು ಕಡಿಮೆ ಸವೆಯುತ್ತದೆ. ಹಿಂದೆಯೂ ಡಿಸ್ಕ್ ಇದೆ. ಗೇರು ಕೈಯಿಂದ ಹಾಕುವುದು.

ಜಾಂಬೋಟಿ, ಕಣಕುಂಬಿ ಮೇಲೆ ಚೋರ್ಲಾ ಘಾಟಿಗೆ ಒಯ್ದೆ. ವೇಗ ನೋಡಲು ಅಲ್ಲ. ಅಲ್ಲಿ ತಿರುವಿನಾಚೆ ಕದಂಬ ಬಸ್ಸೋ ಎಮ್ಮೆಯೋ ಇದ್ದೇ ಇರುತ್ತದೆ. ಗುಂಡಿಗೆ ಕಾರು ಹೇಗೆ ಬೀಳುತ್ತದೆ, ಇಳಿಜಾರಿನಲ್ಲಿ ಬ್ರೇಕ್ ವಾಸನೆ ಬರುತ್ತದೋ ಅಂತ ನೋಡಲು. 170 ಮಿಲಿಮೀಟರ್ ಎತ್ತರ ಇರುವುದರಿಂದ ತಳ ಎಲ್ಲೂ ತಾಗಲಿಲ್ಲ. ಅಬಾರ್ತ್ 155. ಕೆಟ್ಟ ರಸ್ತೆಯಲ್ಲಿ ಆ ಹದಿನೈದರ ಬೆಲೆ ತಿಳಿಯುತ್ತದೆ. ಸ್ಟೇರಿಂಗ್ ಮಾತ್ರ ಸಪ್ಪೆ. ಎಲೆಕ್ಟ್ರಿಕ್, ಹಗುರ, ಚಕ್ರ ಏನು ಮಾಡುತ್ತಿದೆ ಅಂತ ಹೇಳುವುದೇ ಇಲ್ಲ. ಉಪ್ಪಿಲ್ಲದ ಸಾರು.

ಕೊನೆಗೆ ತೀರ್ಮಾನ ಮಾಡಿಸಿದ್ದು ಬೇರೆಯೇ ಒಂದು ಕಾರು. 2023ರಲ್ಲಿ ಮಾರುತಿಯ ಫ್ರಾಂಕ್ಸ್ ಬಂತಲ್ಲ, ಅದರಲ್ಲಿ ಇದೇ ಕುಟುಂಬದ 1.0 ಟರ್ಬೊ ಎಂಜಿನ್ ಮರಳಿ ಬಂತು. ಎಲ್ಲಾ ಸಾಮಾನೂ ಅದಲು ಬದಲು ಆಗುವುದಿಲ್ಲ. ಆದರೆ ಈ ಎಂಜಿನ್ ಗೊತ್ತಿರುವ ಕೈಗಳು ಊರಲ್ಲಿ ಮತ್ತೆ ಬಂದವು. ಕಾರಿನ ಉಳಿದ ಭಾಗ ಬಲೆನೊ, ಅದರ ಸಾಮಾನು ತಾಲ್ಲೂಕಿಗೂ ಬರುತ್ತದೆ. ನಂಬರು ಕೆಎ-63, ತೆರಿಗೆಯ ತಂಟೆ ಇಲ್ಲ. 4.9 ಲಕ್ಷಕ್ಕೆ ಮಾತು ಮುಗಿಯಿತು. ಟೈರಿನ ಮೇಲೆ 2318 ಅಂತ ಇತ್ತು, ಅಂದರೆ 2018ರ 23ನೇ ವಾರ ತಯಾರಾದದ್ದು. ಟೈರಿನ ಗೆರೆಗಳು ಸವೆಯದಿದ್ದರೂ ರಬ್ಬರ್ ಕಲ್ಲಾಗಿತ್ತು. ನಾಲ್ಕೂ ಬದಲಿಸಿದೆ, ಟ್ರ್ಯಾಕಿಗೆ ಅಂತ ಮುಂದಿನ ಬ್ರೇಕ್ ಪ್ಯಾಡ್ ಗಟ್ಟಿಯವು ಹಾಕಿಸಿದೆ, ಬ್ರೇಕ್ ಆಯಿಲ್ ಬದಲಿಸುವಾಗ ಮಿಸ್ತ್ರಿಯ ತಲೆಯ ಮೇಲೇ ನಿಂತಿದ್ದೆ.

ಫೆಬ್ರವರಿಯಲ್ಲಿ ಕೊಯಮತ್ತೂರಿಗೆ ಹೋದೆ. ಕರಿ ಸ್ಪೀಡ್‌ವೇ ಮೊದಲು ಹಗುರ ವಿಮಾನಗಳ ರನ್‌ವೇ ಆಗಿತ್ತು. ನಮ್ಮ ದೇಶದಲ್ಲೇ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಹೆಸರು ಅದಕ್ಕೆ. ಸುತ್ತು ಸುಮಾರು 2.1 ಕಿಲೋಮೀಟರ್, ನೆಲ ಸಪಾಟು. ಸಣ್ಣ ಕಾರಿಗೆ ಚೆನ್ನೈಗಿಂತ ಇದೇ ಒಗ್ಗುತ್ತದೆ. ಆರ್‌ಎಸ್ ತಿರುವಿನಲ್ಲಿ ಚೆನ್ನಾಗಿಯೇ ವಾಲುತ್ತದೆ, ಸೀಟು ಹಿಡಿಯುವುದಿಲ್ಲ, ಬಲ ಮೊಣಕಾಲನ್ನು ಬಾಗಿಲಿಗೆ ಒತ್ತಿ ಕೂತಿದ್ದೆ. ತಿರುವಿನಿಂದ ಹೊರಬರುವಾಗ ಅವಸರ ಮಾಡಿದರೆ ಒಳಗಿನ ಚಕ್ರ ಸುಮ್ನೆ ತಿರುಗುತ್ತದೆ. ಅಬಾರ್ತ್‌ನ ಅರ್ಧ ಮಜಾನೂ ಇಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಸಂಜೆವರೆಗೆ ಪೆಡಲ್ ಕಲ್ಲಿನಂತೆ ಗಟ್ಟಿ. ತಣ್ಣಗಿದ್ದಾಗ 33 ಇದ್ದ ಟೈರಿನ ಗಾಳಿ ಬಿಸಿಯಾಗಿ 39ಕ್ಕೆ ಏರುತ್ತಿತ್ತು, ಪ್ರತಿ ಸೆಷನ್ ಆದಮೇಲೆ ಇಳಿಸುತ್ತಿದ್ದೆ. ಹೆದ್ದಾರಿಗೆ ಮುಂಚೆ ಮತ್ತೆ ತುಂಬಲು ಮರೆಯಬೇಡಿ. ಇನ್ನೊಂದು, ನಮ್ಮ ಸಾಮಾನ್ಯ ಕಾರು ಇನ್ಷೂರೆನ್ಸು ರೇಸ್, ವೇಗ ಪರೀಕ್ಷೆಗಳನ್ನು ಹೊರಗಿಟ್ಟಿರುತ್ತದೆ. ಗೋಡೆಗೆ ಗುದ್ದಿದರೆ ಜೇಬು ನಿಮ್ಮದೇ.

ಮರುದಿನ ರಾತ್ರಿ ಹಿರೇಬಾಗೇವಾಡಿ ಟೋಲ್ ದಾಟಿದಾಗ ಹನ್ನೊಂದು. ಅದರ ಮರುದಿನ ಬೆಳಿಗ್ಗೆ ಹೆಂಡತಿ ಅದೇ ಕಾರಿನಲ್ಲಿ ಮಗಳನ್ನು ಶಾಲೆಗೆ ಬಿಟ್ಟು ಬಂದಳು. ಕೀಲಿ ಮೇಜಿನ ಮೇಲಿಟ್ಟು, "ಬ್ರೇಕ್ ಹಿಡಿದ್ರ ಹಂದಿ ಚೀರಿದಂಗ ಚೀರತಾವಲ್ರಿ, ಇಡೀ ಕಾಲೇಜ್ ರೋಡ್ ಹೊಳ್ಳಿ ನೋಡ್ತು" ಅಂದಳು. ಟ್ರ್ಯಾಕಿನ ಪ್ಯಾಡ್ ತೆಗೆದು ಹಳೆಯವು ಹಾಕುವುದನ್ನು ಮರೆತಿದ್ದೆ.