ಸ್ಯಾನ್ ಫ್ರಾನ್ಸಿಸ್ಕೊಗೆ ಮೂರು ದಾರಿ, ನನಗೆ ಫ್ರಾಂಕ್‌ಫರ್ಟ್

ಮಗಳ ಮನೆಗೆಂದು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನಾನು ಮೂರು ಸಲ ಮೂರು ದಾರಿಯಲ್ಲಿ ಹೋಗಿದ್ದೇನೆ: 2019ರಲ್ಲಿ ಫ್ರಾಂಕ್‌ಫರ್ಟ್ ಮೂಲಕ, 2023ರಲ್ಲಿ ಎಲ್ಲಿಯೂ ಇಳಿಯದ ನೇರ ವಿಮಾನದಲ್ಲಿ, 2024ರಲ್ಲಿ ದುಬೈ ಮೂಲಕ. ಮೂರನೆಯ ಟಿಕೆಟ್ ಕೊಂಡದ್ದು ತಪ್ಪಾಯಿತು. ಮೊದಲನೆಯದನ್ನೇ ಈಗಲೂ ಮೆಚ್ಚುತ್ತೇನೆ.

ಎರಡು ಊರುಗಳ ನಡುವಿನ ಅತಿ ಹತ್ತಿರದ ಆಕಾಶಮಾರ್ಗ ಸುಮಾರು 14,000 ಕಿ.ಮೀ. ನೇರ ವಿಮಾನ ಅದನ್ನು 16 ಗಂಟೆಯ ಆಸುಪಾಸಿನಲ್ಲಿ ಮುಗಿಸಿತು. 2021ರ ಜನವರಿಯಲ್ಲಿ ಆರಂಭವಾದ ಈ ಸೇವೆ ನಡುವೆ ಕೆಲಕಾಲ ನಿಂತೂ ಇದ್ದುದರಿಂದ, ಅದನ್ನೇ ನಂಬಿ ತಿಂಗಳುಗಟ್ಟಲೆ ಮುಂಚೆ ಯೋಜನೆ ಹಾಕುವುದು ನನಗೆ ಸರಿಬರಲಿಲ್ಲ. ಸಮಯದ ಮಟ್ಟಿಗೆ ಮಾತ್ರ ಅದಕ್ಕೆ ಸಾಟಿಯಿರಲಿಲ್ಲ. ಆದರೆ ನನ್ನ ಮೊಣಕಾಲು ಹತ್ತು-ಹನ್ನೆರಡು ಗಂಟೆಯ ಮೇಲೆ ಕೂರಲು ಒಪ್ಪುವುದಿಲ್ಲ, ಟಿಕೆಟ್ಟಿಗೂ ಪಿಂಚಣಿಯಿಂದ ಹೆಚ್ಚೇ ತೆರಬೇಕಾಯಿತು.

ಆದ್ದರಿಂದಲೇ ಮುಂದಿನ ವರ್ಷ, ನಡುವೆ ಇಳಿದು ಕಾಲಾಡಿಸಬಹುದು, ದುಡ್ಡೂ ಉಳಿಯುತ್ತದೆ ಎಂದುಕೊಂಡು ದುಬೈ ದಾರಿಯನ್ನು ಆರಿಸಿದೆ. ನಾನು ನಕಾಶೆಯನ್ನು ನೋಡಿದ್ದೆನೇ ಹೊರತು ಗೋಳವನ್ನು ನೋಡಿರಲಿಲ್ಲ. ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ., ನಾಲ್ಕು ಗಂಟೆಯ ಹಾರಾಟ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇನ್ನೂ ಸುಮಾರು 13,000 ಕಿ.ಮೀ. ಉಳಿದಿರುತ್ತದೆ. ವಿಮಾನ ಉತ್ತರಕ್ಕೆ ತಿರುಗಿ ಧ್ರುವಪ್ರದೇಶದ ಕಡೆಯಿಂದ ಸುತ್ತಿಕೊಂಡು ಹೋಗುತ್ತದೆ, ಹದಿನಾರು ಗಂಟೆ ಹಿಡಿಯುತ್ತದೆ. ಅಂದರೆ ನಾಲ್ಕು ಗಂಟೆ ಹಾರಿ, ಮೂರು ಗಂಟೆ ಕಾದ ಮೇಲೂ, ನೇರ ವಿಮಾನ ಹತ್ತಿದವನು ಕೂರುವಷ್ಟೇ ಹೊತ್ತು ನಾನು ಹೊಸದಾಗಿ ಕೂರಬೇಕಾಗಿತ್ತು! ಕಾಲು ಇನ್ನೂ ನೋಯಲು ತೊಡಗುವ ಮೊದಲೇ, ಆಗತಾನೆ ಹತ್ತಿದ ನಿದ್ದೆಯಿಂದ ಎಬ್ಬಿಸಿ ದುಬೈಯಲ್ಲಿ ಇಳಿಸಿದರು. ವಿಶ್ರಾಂತಿ ನಿಜವಾಗಿ ಬೇಕಾದಾಗ ಕೆಳಗೆ ಬರಿಯ ಹಿಮವಿತ್ತು.

ಇಳಿಯುವ ಮುನ್ನ ಶೂ ಹಾಕಿಕೊಳ್ಳಲು ಹೋದರೆ ಪಾದ ಒಳಗೆ ಹೋಗಲೊಲ್ಲದು. ಲೇಸನ್ನು ಪೂರ್ತಿ ಬಿಚ್ಚಿ, ಹಿಮ್ಮಡಿಯ ಭಾಗವನ್ನು ಮಡಚಿ, ಅದನ್ನೇ ಚಪ್ಪಲಿಯಂತೆ ಎಳೆಯುತ್ತಾ ಇಮಿಗ್ರೇಷನ್ ಸಾಲಿನಲ್ಲಿ ನಿಂತೆ. ಉಳಿಸಿದ ದುಡ್ಡು ಆಗ ನೆನಪಿಗೇ ಬರಲಿಲ್ಲ.

ಫ್ರಾಂಕ್‌ಫರ್ಟ್ ಮೂಲಕ ಹೋದರೆ ಒಟ್ಟು ದೂರ ಸುಮಾರು 16,500 ಕಿ.ಮೀ., ಮೂರರಲ್ಲಿ ಅತಿ ಸುತ್ತಿನ ದಾರಿ. ಕಾಯುವಿಕೆಯೂ ಸೇರಿ ಸುಮಾರು ಒಂದು ದಿನವೇ ಕಳೆಯುತ್ತದೆ. ಆದರೆ ಆ ದೂರ 7,400 ಮತ್ತು 9,150 ಎಂದು ಹೆಚ್ಚುಕಡಿಮೆ ಸಮನಾಗಿ ಒಡೆಯುತ್ತದೆ. ಹತ್ತು ಗಂಟೆಯ ಹತ್ತಿರ ಒಂದು ಹಾರಾಟ, ಹನ್ನೊಂದೂವರೆ ಗಂಟೆಯದು ಇನ್ನೊಂದು. ಮೊಣಕಾಲು ದೂರು ಹೇಳಲು ಶುರುಮಾಡುವ ವೇಳೆಗೆ ಸರಿಯಾಗಿ ಇಳಿದಿರುತ್ತೇನೆ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದುದರಿಂದ ಅಲ್ಲಿ ಬೇರೆ ಟ್ರಾನ್ಸಿಟ್ ವೀಸಾ ಬೇಕಾಗಲಿಲ್ಲ. ನಡುರಾತ್ರಿ ಕಳೆದ ಮೇಲೆ ಬೆಂಗಳೂರು ಬಿಡುವ ವಿಮಾನ ಮೈಸೂರಿನವನಾದ ನನಗೆ ಅನುಕೂಲವೇ; ಸಂಜೆಯ ಕಾಫಿ ಕುಡಿದು ಬಸ್ಸು ಹತ್ತಿದರೆ ಸಾಕು.

ಊಟದ ವಿಚಾರದಲ್ಲಿ ಮೂರೂ ಒಂದೇ, ಸಸ್ಯಾಹಾರವೆಂದು ಮೊದಲೇ ಬರೆಸಬೇಕು.

ಗಂಟೆ ಎಣಿಸುವ ನೌಕರಿಯವರು ನೇರ ವಿಮಾನ ಇದ್ದರೆ ಅದನ್ನೇ ಹಿಡಿಯಲಿ. ಮುಂದಿನ ಬೇಸಿಗೆಗೆ ನಾನು ಫ್ರಾಂಕ್‌ಫರ್ಟ್ ಮೂಲಕವೇ ಹುಡುಕುತ್ತಿದ್ದೇನೆ: ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿರಬೇಕು, ನಡುವೆ ಮೂರು ಗಂಟೆಯಾದರೂ ಬಿಡುವಿರಬೇಕು, ಸೀಟು ಓಡಾಡುವ ದಾರಿಯ ಪಕ್ಕದ್ದಾಗಿರಬೇಕು. ಶೂ ಬದಲು ಈ ಸಲ ಪಟ್ಟಿಯ ಚಪ್ಪಲಿ.